ಕಾಯುವ ಹೊತ್ತೂ ಬೆಳಗಾವಿಯ ನೂಲಿನ ನಿಯಮವೂ

೧೯೨೪ನೆಯ ಇಸವಿಯ ದಶಂಬರದಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನವು, ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೆಂದು ಸರ್ವವಿದಿತವಾಗಿದೆ. ಅಲ್ಲಿ ಅಂಗೀಕೃತವಾದ ನೂಲಿನ ನಿಯಮಕ್ಕಾದರೋ ಅಷ್ಟು ಗಮನ ಸಂದಿಲ್ಲ. ಸದಸ್ಯನಾದವನು ತಿಂಗಳಿಗೆ ೨೦೦೦ ಗಜ ನೂಲನ್ನು ಒಪ್ಪಿಸತಕ್ಕದ್ದೆಂಬುದೇ ಆ ನಿಯಮ.

ಈ ಪ್ರಮಾಣದ ಹಿಂದೆ ಹೊತ್ತಿನ ಲೆಕ್ಕವಿದ್ದಿತು. ಅದೇ ವರ್ಷದ ಜೂನಿನಲ್ಲಿ ಅಹಮದಾಬಾದಿನಲ್ಲಿ ಸೇರಿದ ಅಖಿಲ ಭಾರತ ಸಮಿತಿಯು ಪ್ರತಿನಿಧಿಗಳಿಗೆ ದಿನಕ್ಕೆ ಅರ್ಧ ಗಂಟೆಯ ನೂಲುವಿಕೆಯನ್ನು ವಿಧಿಸಿ ಇದೇ ೨೦೦೦ ಗಜವನ್ನು ಕೇಳಿದ್ದಿತು. ಹಂಚಿ ನೋಡಿದರೆ ದಿನಕ್ಕೆ ಸುಮಾರು ೬೭ ಗಜವಾಗುವುದು. ಆ ಅರ್ಧ ಗಂಟೆಯು ಉದ್ಯೋಗದಿಂದ ಕಿತ್ತುಕೊಂಡದ್ದಲ್ಲ; ಬರಿದೆ ಕಳೆಯುವ ಹೊತ್ತಿನಿಂದ ದೊರೆಯಬೇಕಾದುದು.

ಇಲ್ಲಿ ಉಪಕರಣದ ರಚನೆಯೇ ಮುಖ್ಯವಾಗುವುದು. ರಾಟೆಯ ಮುಂದೆ ನೆಲೆಯಾಗಿ ಕೂಡ್ರಬೇಕು; ತಕಲಿಗೆ ಅದು ಬೇಡ. ಒಂದು ಕಡ್ಡಿ, ಅದರ ಬುಡದಲ್ಲೊಂದು ಬಿಲ್ಲೆ, ಕಿಸೆಯಲ್ಲಿ ಅಡಗುವುದು. ಹುಬ್ಬಳ್ಳಿಯ ಕಡೆಯಿಂದ ಹೊರಟವನು, ಗೋವೆಯ ಮಾರ್ಗವು ಕೂಡುವ ಲೋಂಡಾದಲ್ಲಿ ಗಾಡಿ ನಿಂತಾಗ ತಕಲಿಯನ್ನು ತೆಗೆದರೆ, ಖಾನಾಪುರವನ್ನು ದಾಟಿ ಬೆಳಗಾವಿಯನ್ನು ಮುಟ್ಟುವಷ್ಟರಲ್ಲಿ ಆ ದಿನದ ಪಾಲನ್ನು ಬಹುಮಟ್ಟಿಗೆ ತೀರಿಸಬಹುದಾಗಿದ್ದಿತು. ಕಾಯುವಿಕೆ ಯಾವಾಗ ಮುಗಿಯುವುದೆಂದು ಕಾಯುವವನಿಗೆ ತಿಳಿಯದಷ್ಟೆ. ಮುಗಿದೊಡನೆ ಎಳೆಯನ್ನು ಕಡ್ಡಿಗೆ ಸುತ್ತಿ ಎದ್ದರಾಯಿತು, ಕೆಲಸ ಕೆಡದು. (ಇಂದಿನ ಗಣಕಯಂತ್ರದ ತೆರೆಯಲ್ಲಿ ಮೆಲ್ಲನೆ ತುಂಬುವ ಪಟ್ಟಿಯು ಇನ್ನೆಷ್ಟು ಕಾಯಬೇಕೆಂಬುದನ್ನು ತಿಳಿಸುವುದೇ ಹೊರತು ಕೈಗೆ ಕೆಲಸ ಕೊಡದು.)

ಆದರೆ ಉಪಕರಣವೊಂದೇ ಸಾಲದು. ಖಾನಾಪುರದ ಸೀಮೆಯು ಭತ್ತದ ನಾಡು. ಹತ್ತಿಯು ಬೆಳೆಯುವುದು ಮೂಡಣ ಬೈಲಹೊಂಗಲ, ಸವದತ್ತಿಗಳ ಎರೆನೆಲದಲ್ಲಿ. ಗದ್ದೆಯ ಕೆಲಸ ತೀರಿದ ಮೇಲೆ ಮಲೆನಾಡಿನ ರೈತನಿಗೆ ಬಿಡುವೇನೋ ಉಂಟು. ಹಂಜಿಯು ಮಾತ್ರ ಹೊರಗಿನಿಂದ ಬರಬೇಕು.

ನಿಯಮದ ಪತನಕ್ಕೆ ನೂಲುವವರ ಬೇಸರವೊಂದೇ ಕಾರಣವೆನ್ನುವುದು ಸರಿಯಲ್ಲ. ಅನಾರೋಗ್ಯವಿದ್ದವನೂ, ಇಷ್ಟವಿಲ್ಲದವನೂ ಇತರರು ನೂತ ಅಷ್ಟೇ ನೂಲನ್ನು ಒಪ್ಪಿಸಬಹುದೆಂಬ ವಿನಾಯಿತಿ ನಿಯಮದಲ್ಲಿಯೇ ಇದ್ದಿತು. ತನ್ನ ಬಿಡುವಿನ ಕಾಣಿಕೆಯಾಗಬೇಕಾದುದನ್ನು ಹಣವುಳ್ಳವನು ಇನ್ನೊಬ್ಬನ ಹೊತ್ತಿನಿಂದ ಕೊಳ್ಳುವಂತಾಯಿತು. ೧೯೨೫ರ ಸಪ್ಟಂಬರದಲ್ಲಿ ಪಾಟ್ನಾದಲ್ಲಿ ನಾಲ್ಕಾಣೆ ಇಲ್ಲವೆ ನೂಲು ಎಂಬ ವಿಕಲ್ಪವು ಬಂದಿತು. ಅಲ್ಲಿಯೇ ಅಖಿಲ ಭಾರತ ಚರಖಾ ಸಂಘವೂ ಹುಟ್ಟಿತು. ೧೯೩೫ರಲ್ಲಿ ಆ ಸಂಘವು ನೂಲುವವರ ಕೂಲಿಯನ್ನು ಹೆಚ್ಚಿಸಲು ನಿರ್ಣಯಿಸಿತು. ೧೯೩೭ರ ಏಪ್ರಿಲಿನಲ್ಲಿ ಗಾಂಧಿಯವರು ಬೆಳಗಾವಿಯ ಬಳಿಯ ಹುದಲಿಗೆ, ಗಂಗಾಧರರಾವ ದೇಶಪಾಂಡೆಯವರ ಊರಿಗೆ, ಬಂದಾಗ ಖಾದಿಯ ಚರ್ಚೆಯು ಬಿಡುವಿನ ಲೆಕ್ಕವನ್ನು ಬಿಟ್ಟು ಕೂಲಿಯ ಲೆಕ್ಕವನ್ನು ಹಿಡಿದಿದ್ದಿತು.