ಬೆಕ್ಕೋ ನಾಯಿಯೋ? ಆಯ್ಕೆಯ ಹಿಂದಿನ ಇತಿಹಾಸ

ಬೆಕ್ಕು ಇಷ್ಟವೋ ನಾಯಿ ಇಷ್ಟವೋ ಎಂದು ಕೇಳಿದರೆ ನೀವು ತಟ್ಟನೆ ಉತ್ತರಿಸುತ್ತೀರಿ. ಆದರೆ ಆ ಇಷ್ಟ ಎಲ್ಲಿಂದ ಬಂತೆಂದು ಯೋಚಿಸಿದ್ದೀರಾ?

ತೋಳದ ವಂಶದ ನಾಯಿ ಕೃಷಿಗಿಂತ ಮೊದಲೇ ಬೇಟೆಗಾರ ಮಾನವನ ಸಂಗಾತಿಯಾಯಿತು. ಜರ್ಮನಿಯ ಬಾನ್ ಬಳಿ ಮನುಷ್ಯರೊಂದಿಗೆ ಹೂತಿದ್ದ, ಸುಮಾರು 14,000 ವರ್ಷ ಹಳೆಯ ನಾಯಿಯ ಎಲುಬುಗಳು ಸಿಕ್ಕಿವೆ. ಬೆಕ್ಕು ಹತ್ತಿರವಾದದ್ದು ಕೃಷಿಯ ನಂತರ. ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಬೇಟೆ, ಕಾವಲು ಬೇಕಾದವರು ನಾಯಿಯನ್ನೂ ಧಾನ್ಯ ಉಳಿಸಬೇಕಾದವರು ಬೆಕ್ಕನ್ನೂ ಮೆಚ್ಚಿದರು.

ನಮ್ಮ ಮನೆಗಳಲ್ಲಿ ಬೆಕ್ಕಿಗೇ ಸಲುಗೆ ಹೆಚ್ಚು. ನಾಯಿಯ ಎಂಜಲು ಅಶುದ್ಧವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ; ಬೆಕ್ಕಿಗೆ ಆ ಕಟ್ಟುನಿಟ್ಟಿಲ್ಲ. ಹದೀಸ್ ನಿರೂಪಕರಾದ ಅಬೂಹುರೈರಾ(ರ)ರವರ ಹೆಸರಿನಲ್ಲೇ ಬೆಕ್ಕಿನ ಮರಿ ಇದೆ. ಹಾಗೆಂದು ನಾಯಿಯನ್ನು ಹಿಂಸಿಸಬಹುದೇ?

ಇಸ್ತಾಂಬುಲ್‌ನ ಕಥೆ ಕೇಳಿ. ಅಲ್ಲಿ ನಾಯಿಗಳು ಮನೆಯೊಳಗೆ ಬರುತ್ತಿರಲಿಲ್ಲ, ಆದರೆ ಮೊಹಲ್ಲಾದ ಜನರೇ ಶತಮಾನಗಳ ಕಾಲ ಅವುಗಳಿಗೆ ಅನ್ನ ನೀರು ಕೊಡುತ್ತಿದ್ದರು. ರಾತ್ರಿ ಅವೇ ಬೀದಿ ಕಾಯುತ್ತಿದ್ದವು. 1910ರಲ್ಲಿ ನಗರವನ್ನು ಆಧುನಿಕಗೊಳಿಸುವ ಹೆಸರಿನಲ್ಲಿ ಆಡಳಿತವು ಹತ್ತಾರು ಸಾವಿರ ನಾಯಿಗಳನ್ನು ನೀರಿಲ್ಲದ ಸಿವ್ರಿಯಾದಾ ದ್ವೀಪಕ್ಕೆ ಸಾಗಿಸಿತು. ಅವು ಹಸಿವು ಬಾಯಾರಿಕೆಗಳಿಂದ ಸತ್ತವು.

ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದವಳಿಗೆ ಶಿಕ್ಷೆಯಾದುದನ್ನೂ ತಿಳಿಸಿದ್ದಾರೆ. ಇಷ್ಟ ನಿಮ್ಮದು, ವಿದ್ಯಾರ್ಥಿಗಳೇ. ದಯೆ ಮಾತ್ರ ಎರಡಕ್ಕೂ ಸಲ್ಲಬೇಕಾದ ಹಕ್ಕು.