ಹಳೆಯದರ ಹೊಸ ಬೆಲೆ: ಲಂಡನ್ನಿನ ಹಳೆ ಬಟ್ಟೆ ಪೇಟೆಯ ಚರಿತ್ರೆ

ಇನ್ನೊಬ್ಬರು ತೊಟ್ಟು ಬಿಟ್ಟ ಉಡುಪನ್ನು ಹೊಸದಕ್ಕಿಂತ ಹೆಚ್ಚು ಹಣ ತೆತ್ತು ಕೊಳ್ಳುವ ರೂಢಿಯೂ, ಹಿಂದಿನ ಕಾಲದ ಚಹಾ ಡಬ್ಬಿಯನ್ನು ಹೋಲುವಂತೆ ಈಗ ತಯಾರಿಸಿದ ಡಬ್ಬಿಯನ್ನು ಉಡುಗೊರೆಯಾಗಿ ಕೊಡುವ ರೂಢಿಯೂ ಇಂದು ದೊಡ್ಡ ನಗರಗಳಲ್ಲೆಲ್ಲ ಕಾಣಸಿಗುತ್ತವೆಯಾದರೂ, ಇವು ಒಂದು ವ್ಯಾಪಾರವಾಗಿ ಬೆಳೆದ ಬಗೆ ಲಂಡನ್ನಿನ ಚರಿತ್ರೆಯಲ್ಲಿ ವಿಶೇಷವಾಗಿ ಸ್ಪಷ್ಟವಾಗಿದೆ. ವ್ಯಾಪಾರಿಗಳ ಲೆಕ್ಕದಲ್ಲಿ ನೂರು ವರ್ಷ ದಾಟಿದ ವಸ್ತು ‘ಆಂಟಿಕ್’, ಇಪ್ಪತ್ತು ವರ್ಷ ಕಳೆದೂ ನೂರು ತುಂಬದ್ದು ‘ವಿಂಟೇಜ್’, ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ಮಾಡಿದ್ದು ‘ರೆಟ್ರೊ’. ಈ ಗೆರೆಗಳನ್ನು ಅಂಗಡಿಯವರು ತಮಗೆ ಬೇಕಾದಂತೆ ಅಳಿಸಿ ಬರೆದುಕೊಳ್ಳುತ್ತಾರೆ. ಆದರೆ ಹಳೆಯದನ್ನೇ ಮಾರುವ ಕಸುಬು ಒಂದು, ಹಳೆಯದರಂತೆ ತೋರುವುದನ್ನು ಮಾರುವ ಕಸುಬು ಇನ್ನೊಂದು ಎಂಬ ಭೇದ ಮಾತ್ರ ಗಟ್ಟಿಯಾದದ್ದು, ಮತ್ತು ಒಂದೇ ಬೀದಿಗಳಲ್ಲಿ ಬೆಳೆದರೂ ಇವೆರಡರ ಗತಿ ಒಂದೇ ಆಗಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆ ಬಟ್ಟೆಯೆಂದರೆ ಬಡವರ ಬಟ್ಟೆಯೇ. ಪತ್ರಕರ್ತ ಹೆನ್ರಿ ಮೇಹ್ಯೂ 1849ರಿಂದ ಪತ್ರಿಕೆಗೆ ಬರೆಯತೊಡಗಿ, ಮುಂದೆ ‘ಲಂಡನ್ ಲೇಬರ್ ಅಂಡ್ ದ ಲಂಡನ್ ಪೂರ್’ ಎಂಬ ಹೆಸರಿನಲ್ಲಿ ಪುಸ್ತಕವಾದ ವರದಿಗಳಲ್ಲಿ, ಹೌಂಡ್ಸ್‌ಡಿಚ್ ಎಂಬಲ್ಲಿ 1843ರಲ್ಲಿ ಏರ್ಪಟ್ಟ ಹಳೆ ಬಟ್ಟೆಯ ವಿನಿಮಯ ಪೇಟೆಯ ವಿವರವಾದ ಚಿತ್ರವಿದೆ. ಹೆಗಲಿಗೆ ಚೀಲ ಏರಿಸಿ ಬೀದಿ ಬೀದಿಯಲ್ಲಿ ಕೂಗುತ್ತ ಹೋಗುವ, ಬಹುಪಾಲು ಯಹೂದಿಗಳಾದ ವ್ಯಾಪಾರಿಗಳು ಮನೆಗಳಿಂದ ಕೊಂಡು ತಂದ ಕೋಟು, ಷರಾಯಿ, ಲಂಗಗಳು ದಿನದ ಕೊನೆಗೆ ಇಲ್ಲಿ ಕೈ ಬದಲಾಯಿಸುತ್ತಿದ್ದವು. ಪಿಂಗಾಣಿ ಬಟ್ಟಲು, ಗಾಜಿನ ಲೋಟಗಳನ್ನು ಬುಟ್ಟಿಯಲ್ಲಿ ಹೊತ್ತು, ಹಣಕ್ಕೆ ಬದಲಾಗಿ ಹಳೆ ಬಟ್ಟೆಯನ್ನೇ ಪಡೆದು ಮಾರುವವರೂ ಅಲ್ಲಿದ್ದರು. ಹಳೆ ಸೀರೆ, ಪ್ಯಾಂಟುಗಳಿಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರನ್ನು ಕಂಡಿರುವ ಕರ್ನಾಟಕದ ಓದುಗರಿಗೆ ಈ ವ್ಯವಹಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಂದ ಕೋಟಿನ ಮುಂದಿನ ಪಯಣ ಕುತೂಹಲಕರವಾದದ್ದು. ಮೊಣಕೈ ಸವೆದ ಕರಿಯ ಕೋಟನ್ನು ಮಾಚಿಕಾಯಿ, ಬಣ್ಣದ ಮರದ ಚಕ್ಕೆ ಮೊದಲಾದವುಗಳಿಂದ ಕಾಯಿಸಿದ ದ್ರಾವಣ ಬಳಿದು ಮತ್ತೆ ಕಪ್ಪಾಗಿಸುವವರು ಒಂದು ಗುಂಪು. ಜಿಡ್ಡು ತೆಗೆದು, ತೇಪೆ ಹಾಕಿ, ಹೊಲಿಗೆ ಬಿಚ್ಚಿದಲ್ಲಿ ಕೂಡಿಸುವವರು ಇನ್ನೊಂದು ಗುಂಪು. ಹಳೆ ಬೂಟುಗಳನ್ನು ಕಳಚಿ, ಗಟ್ಟಿ ಉಳಿದ ತೊಗಲನ್ನು ಆಯ್ದು ಬೇರೊಂದು ಜೋಡು ಕಟ್ಟುವವರು ಮತ್ತೊಂದು ಗುಂಪು. ಈ ಯಾವ ಉಪಾಯಕ್ಕೂ ಬಗ್ಗದ ನಾರುಬಟ್ಟೆಯ ಚಿಂದಿ ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು, ಉಣ್ಣೆಯ ಚಿಂದಿ ಕೆಂಟ್ ಪ್ರಾಂತದಲ್ಲಿ ಬಿಯರಿಗೆ ಬೇಕಾದ ಹಾಪ್ ಬಳ್ಳಿಗಳ ತೋಟಕ್ಕೆ ಗೊಬ್ಬರವಾಗುತ್ತಿತ್ತು, ಇಲ್ಲವೇ ಯಾರ್ಕ್‌ಷೈರಿನ ಬ್ಯಾಟ್ಲಿಯ ಗಿರಣಿಗೆ ಸಾಗುತ್ತಿತ್ತು. ಅಲ್ಲಿ 1813ರಲ್ಲಿ ಬೆಂಜಮಿನ್ ಲಾ ಎಂಬಾತ ರೂಢಿಗೆ ತಂದ ಕ್ರಮದಂತೆ ಚಿಂದಿಯನ್ನು ಹಿಂಜಿ, ಹೊಸ ಉಣ್ಣೆಯೊಡನೆ ಬೆರೆಸಿ, ‘ಶಾಡಿ’ ಎಂಬ ಅಗ್ಗದ ಬಟ್ಟೆ ನೇಯುತ್ತಿದ್ದರು. ಬ್ಯಾಟ್ಲಿಯ ಆ ಕಸುಬು ಇಂದು ಹರಿಯಾಣದ ಪಾಣಿಪತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದ್ದು, ಪರಿಹಾರ ಶಿಬಿರಗಳಲ್ಲಿ ಹಂಚುವ ಕಂಬಳಿಗಳ ಒಂದು ದೊಡ್ಡ ಪಾಲು ಅಲ್ಲಿಯದು. ಈ ಇಡೀ ಸರಪಳಿಯಲ್ಲಿ ಹಳೆಯ ಕೋಟನ್ನು ಅದು ಹಳೆಯದೆಂಬ ಕಾರಣಕ್ಕೆ ಮೆಚ್ಚಿ ಕೊಂಡವರು ಯಾರೂ ಇರಲಿಲ್ಲ. ಅದನ್ನು ಹೊಸದರಂತೆ ತೋರಿಸುವುದೇ ಎಲ್ಲರ ಶ್ರಮವಾಗಿತ್ತು.

ಎರಡನೆಯ ಮಹಾಯುದ್ಧ ಈ ಬಡತನವನ್ನು ಎಲ್ಲರಿಗೂ ಹಂಚಿತು. 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಜಾರಿಯಾಗಿ, ಮೊದಲ ವರ್ಷ ತಲೆಗೆ 66 ಕೂಪನ್ನುಗಳು ಸಿಕ್ಕವು. ಸರ್ಕಾರವೇ ನೆರಿಗೆ, ಜೇಬು, ಗುಂಡಿಗಳ ಸಂಖ್ಯೆಗೆ ಮಿತಿ ಹಾಕಿ ಹೊಲಿಸಿದ ‘ಯುಟಿಲಿಟಿ’ ಉಡುಪುಗಳ ಗುರುತುಪಟ್ಟಿಯಲ್ಲಿ ಎರಡು ‘ಸಿ’ ಅಕ್ಷರಗಳೂ 41 ಎಂಬ ಅಂಕಿಯೂ ಇರುತ್ತಿದ್ದವು. ಕೊರತೆಯ ಗುರುತಾಗಿದ್ದ ಆ ಮುದ್ರೆಯನ್ನು ಇಂದು ಸಂಗ್ರಾಹಕರು ಕೊರಳಪಟ್ಟಿ ತಿರುವಿ ಮೊದಲು ಹುಡುಕುತ್ತಾರೆ, ಅದು ಕಂಡರೆ ಬೆಲೆ ಏರುತ್ತದೆ. ಪಡಿತರ ಮುಗಿದದ್ದು 1949ರ ಮಾರ್ಚಿನಲ್ಲಿ. ಎಂಟು ವರ್ಷ ತೇಪೆ ಹಾಕಿ ಸಾಕಾಗಿದ್ದ ಪೀಳಿಗೆಗೆ ಹೊಸ ಬಟ್ಟೆಯ ಹೊರತು ಬೇರೆ ಆಸೆ ಇರಲಿಲ್ಲವೆಂಬುದು ಸಹಜವೇ.

ಆ ಬೇಸರವನ್ನು ಅನುಭವಿಸದೆ ಬೆಳೆದ ಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಯುದ್ಧಾನಂತರ ನಗರದ ಕ್ಯಾಲೆಡೋನಿಯನ್ ಸಂತೆಯ ಹಳೆ ಸಾಮಾನಿನ ವ್ಯಾಪಾರಿಗಳು ಪಶ್ಚಿಮ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ತರಕಾರಿ ಸಂತೆಗೆ ಬಂದು ನೆಲೆಯೂರಿದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹುಟ್ಟಿದ ಹಿರಿಯರು ತೀರಿಕೊಂಡು, ಹಳೆಯ ಮನೆಗಳ ಸಾಲುಗಳನ್ನು ನಗರಸಭೆಗಳು ಕೆಡವುತ್ತಿದ್ದಂತೆ ಅವರ ಪೆಟ್ಟಿಗೆಗಳಲ್ಲಿದ್ದ ಲೇಸು, ಮಖಮಲ್ಲು, ಶಾಲುಗಳೆಲ್ಲ ಇಂಥ ಸಂತೆಗಳಿಗೆ ಹರಿದುಬಂದವು. ಕೈಯಲ್ಲಿ ಸಂಬಳವಿದ್ದ, ಹೊಸ ಬಟ್ಟೆ ಬೇಕೆಂದಾಗ ಸಿಗುತ್ತಿದ್ದ ಯುವಜನರಿಗೆ ಹಳೆ ಬಟ್ಟೆ ತೊಡುವುದರಲ್ಲಿ ನಾಚಿಕೆ ಪಡುವ ಕಾರಣವೇ ಉಳಿದಿರಲಿಲ್ಲ. ಹಳೆಯದು ಸೊಗಸಾಗಿ ಕಾಣತೊಡಗಿದ್ದು ಹೊಸದು ಅಗ್ಗವಾದ ಮೇಲೆ ಎಂಬ ಈ ಕ್ರಮವನ್ನು ಗಮನಿಸದೆ, ವಿಂಟೇಜ್ ಪ್ರೀತಿಯನ್ನು ಬರಿಯ ಹಿಂದಿನ ಕಾಲದ ಹಂಬಲವೆಂದು ವಿವರಿಸುವುದು ಅರ್ಧ ಸತ್ಯ.

1960ರ ದಶಕದ ನಡುವೆ ಪೋರ್ಟೊಬೆಲ್ಲೊ ರಸ್ತೆಯಲ್ಲಿ ತೆರೆದ ಒಂದು ಅಂಗಡಿಗೆ ‘ಐ ವಾಸ್ ಲಾರ್ಡ್ ಕಿಚನರ್ಸ್ ವ್ಯಾಲೆ’, ಅಂದರೆ ‘ನಾನು ಲಾರ್ಡ್ ಕಿಚನರನ ಖಾಸಾ ಸೇವಕನಾಗಿದ್ದೆ’ ಎಂಬ ವಿಚಿತ್ರ ಹೆಸರಿತ್ತು. ಕಿಚನರ್ 1902ರಿಂದ 1909ರವರೆಗೆ ಭಾರತದ ಸೇನೆಯ ಮಹಾದಂಡನಾಯಕನಾಗಿದ್ದವನು. ಅಂಗಡಿಯಲ್ಲಿ ಮಾರಾಟವಾಗುತ್ತಿದ್ದದ್ದು ಸೈನ್ಯ ತ್ಯಜಿಸಿದ ಸಮವಸ್ತ್ರಗಳು: ಕೆಂಪು ಉಣ್ಣೆಯ ತುಂಡು ಕೋಟುಗಳು, ಎದೆಯ ಮೇಲೆ ಅಡ್ಡಡ್ಡಲಾಗಿ ಹೆಣೆದ ಹುರಿ ಕುಣಿಕೆಗಳಿರುವ ಹುಸ್ಸಾರ್ ಅಶ್ವದಳದ ಅಂಗಿಗಳು, ಭುಜಕ್ಕೆ ಜರತಾರಿ ಅಂಚುಗಳು. ಮಿಕ್ ಜಾಗರ್, ಜಿಮಿ ಹೆಂಡ್ರಿಕ್ಸ್ ಮೊದಲಾದ ಗಾಯಕರು ಇಲ್ಲಿಂದ ಕೊಂಡು ತೊಟ್ಟ ಮೇಲೆ ಅವು ಫ್ಯಾಷನ್ ಆದವು. ಸಾಮ್ರಾಜ್ಯ ಕಳಚಿ ಬೀಳುತ್ತಿದ್ದ ಹೊತ್ತಿನಲ್ಲಿಯೇ ಅದರ ಪೋಷಾಕು ವೇಷಭೂಷಣವಾಗಿ ಮಾರಾಟವಾದದ್ದನ್ನು ಆಕಸ್ಮಿಕವೆನ್ನಲಾಗದು. ಅಧಿಕಾರವಿರುವವರ ಸಮವಸ್ತ್ರವನ್ನು ಯಾರೂ ತಮಾಷೆಗೆ ತೊಡುವುದಿಲ್ಲ. 1967ರಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪರ್’ ಧ್ವನಿಮುದ್ರಿಕೆಯ ಹೊದಿಕೆಗಾಗಿ ತೊಟ್ಟ ಹೊಳೆಯುವ ಸೈನಿಕ ದಿರಿಸುಗಳು ಮಾತ್ರ ಹಳೆಯವಲ್ಲ, ನಾಟಕ ಸಿನಿಮಾಗಳಿಗೆ ಪೋಷಾಕು ಒದಗಿಸುವ ಸಂಸ್ಥೆಯೊಂದು ಹೊಸದಾಗಿ ಹೊಲಿದುಕೊಟ್ಟವು. ಆ ದಶಕದ ಅತ್ಯಂತ ಪ್ರಸಿದ್ಧ ‘ಹಳೆಯ’ ಉಡುಪು ಹೀಗೆ ಅನುಕರಣೆಯೇ ಆಗಿತ್ತು.

ಅನುಕರಣೆ ಅನಿವಾರ್ಯವಾದದ್ದಕ್ಕೆ ಬಟ್ಟೆಯ ಗುಣವೇ ಒಂದು ಕಾರಣ. 1966ರಲ್ಲಿ ಲಂಡನ್ನಿನ ಕಿಂಗ್ಸ್ ರಸ್ತೆಯಲ್ಲಿ ಆರಂಭವಾದ ‘ಗ್ರ್ಯಾನಿ ಟೇಕ್ಸ್ ಎ ಟ್ರಿಪ್’ ಅಂಗಡಿ ಅದರ ಸ್ಥಾಪಕರಲ್ಲೊಬ್ಬರಾದ ಷೀಲಾ ಕೋಹೆನ್ ಕೂಡಿಟ್ಟಿದ್ದ ಹಳೆಯ ಉಡುಪುಗಳಿಂದ ಶುರುವಾಗಿ, ಬೇಗನೆ ಅದೇ ಧಾಟಿಯ ಹೊಸ ಉಡುಪುಗಳನ್ನು ಹೊಲಿಸತೊಡಗಿತು. ನಿಜವಾದ ಹಳೆಯ ಉಡುಪು ಒಂದು ಮಾದರಿಗೆ ಒಂದೇ ಸಿಗುತ್ತದೆ, ಅದೂ ಸಣ್ಣ ಮೈಕಟ್ಟಿನ ಅಳತೆಗೆ. ಕಂಕುಳಲ್ಲಿ ಬೆವರಿನಿಂದ ಎಳೆ ಸತ್ತಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ರೇಷ್ಮೆಯಂತೂ ಇನ್ನೂ ನಾಜೂಕು. ಅಂಟು ತೆಗೆದಾಗ ಕಳೆದುಹೋಗುವ ತೂಕವನ್ನು ತುಂಬಿಕೊಡಲು ಅಂದಿನ ತಯಾರಕರು ರೇಷ್ಮೆಗೆ ತವರದ ಲವಣ ಕುಡಿಸುತ್ತಿದ್ದರು. ಆ ಲವಣ ಎಳೆಯನ್ನು ಒಳಗೊಳಗೇ ತಿಂದು, ಮಡಿಕೆಯ ಗುಂಟ ಬಟ್ಟೆ ತಾನಾಗಿ ಸೀಳುವಂತೆ ಮಾಡುತ್ತದೆ. ಇಂಥ ಸರಕನ್ನು ನಂಬಿ ದೊಡ್ಡ ವ್ಯಾಪಾರ ಕಟ್ಟಲು ಬರುವುದಿಲ್ಲ.

ಅನುಕರಣೆಯನ್ನು ನಂಬಿ ಅಂಥ ವ್ಯಾಪಾರ ಕಟ್ಟಿದ ಮೊದಲಿಗರಲ್ಲಿ ಒಬ್ಬರು ಬಾರ್ಬರಾ ಹುಲಾನಿಕಿ. ಅಂಚೆಯ ಮೂಲಕ ಉಡುಪು ಮಾರುತ್ತಿದ್ದ ಅವರು 1964ರಲ್ಲಿ ತೆರೆದ ‘ಬಿಬಾ’ ಅಂಗಡಿಯಲ್ಲಿ ಹಳೆ ವಸ್ತುಗಳು ಮಾರಾಟಕ್ಕಿರಲಿಲ್ಲ. ಆದರೆ ಮಂದ ಬೆಳಕು, ಬಾಗಿಸಿದ ಮರದ ಹಳೆಯ ಟೋಪಿಗೂಟಗಳಿಗೆ ತೂಗುಹಾಕಿದ ಉಡುಪು, ಹಿರಿಯ ಹೆಂಗಸರು ಉಡುವಂಥ ನೇರಳೆ ಮತ್ತು ಕಂದುಗಳ ಮಾಸಲು ಬಣ್ಣ, ಇವೆಲ್ಲ 1920 ಮತ್ತು 30ರ ದಶಕಗಳ ಗಾಳಿಯನ್ನು ತಂದಿದ್ದವು, ಬೆಲೆ ಮಾತ್ರ ಗುಮಾಸ್ತೆಯೊಬ್ಬಳ ಸಂಬಳಕ್ಕೆ ನಿಲುಕುವಂತಿತ್ತು. 1973ರಲ್ಲಿ ಬಿಬಾ ಕೆನ್ಸಿಂಗ್ಟನ್ನಿನ ಡೆರಿ ಅಂಡ್ ಟಾಮ್ಸ್ ಎಂಬ, 1933ರಲ್ಲಿ ಕಟ್ಟಿದ ಆರ್ಟ್ ಡೆಕೊ ಶೈಲಿಯ ಏಳು ಅಂತಸ್ತಿನ ಮಳಿಗೆಗೆ ಹೋಯಿತು. ಆರ್ಟ್ ಡೆಕೊ ಎಂದರೆ ಎರಡು ಮಹಾಯುದ್ಧಗಳ ನಡುವೆ ಬಳಕೆಯಲ್ಲಿದ್ದ, ಜ್ಯಾಮಿತಿಯ ಗೆರೆಗಳ ಅಲಂಕಾರ ಶೈಲಿ. ಅಲ್ಲಿ ಬೇಳೆಕಾಳಿನ ಡಬ್ಬಿಯಿಂದ ಸೋಪಿನವರೆಗೆ ಎಲ್ಲದಕ್ಕೂ ಬಿಬಾದ ಮುದ್ರೆಯಿತ್ತು, ಮಾಳಿಗೆಯ ತೋಟದಲ್ಲಿ ರಾಜಹಂಸಗಳಿದ್ದವು. ನೋಡಲು ಬಂದವರು ಬಹಳ, ಕೊಂಡವರು ಕಡಿಮೆ. 1975ರಲ್ಲಿ ಮಳಿಗೆ ಮುಚ್ಚಿತು.

ಇದಕ್ಕಿಂತ ಪೂರ್ತಿ ಬೇರೆ ಸ್ವಭಾವದ್ದು ಲಾರಾ ಆಷ್ಲಿಯ ಉದ್ಯಮ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಸಾಂಪ್ರದಾಯಿಕ ಕರಕುಶಲ ವಸ್ತುಗಳ ಪ್ರದರ್ಶನ ನೋಡಿ ಪ್ರೇರಿತರಾದ ಆಕೆ ಗಂಡ ಬರ್ನಾರ್ಡರೊಡನೆ 1953ರಲ್ಲಿ ತಮ್ಮ ಮನೆಯ ಅಡುಗೆ ಮೇಜಿನ ಮೇಲೆ ತಲೆವಸ್ತ್ರ, ಕೈವಸ್ತ್ರ, ಪಾತ್ರೆ ಒರೆಸುವ ಬಟ್ಟೆಗಳಿಗೆ ಅಚ್ಚು ಹಾಕಲು ತೊಡಗಿದರು. 1961ರಲ್ಲಿ ಕಾರ್ಖಾನೆ ವೇಲ್ಸಿನ ಕಾರ್ನೊ ಎಂಬ ಹಳ್ಳಿಗೆ ಹೋಯಿತು. ಎತ್ತರದ ಕೊರಳಪಟ್ಟಿ, ಸುರುಕಿನ ತೋಳು, ಹರಡು ಮುಟ್ಟುವ ಉದ್ದದ ಹೂವಿನ ಹತ್ತಿ ಉಡುಪು, ಅದೇ ಹೂವಿನ ಪರದೆ, ಅದೇ ಹೂವಿನ ಗೋಡೆಕಾಗದ: ಮನೆಯನ್ನೂ ಮೈಯನ್ನೂ ಒಂದೇ ಚಿತ್ತಾರಕ್ಕೆ ಒಗ್ಗಿಸಿದ ಈ ಕ್ರಮವನ್ನು ಅಚ್ಚ ಇಂಗ್ಲಿಷ್ ಹಳ್ಳಿಗಾಡಿನ ಪರಂಪರೆಯೆಂದು ಕೊಂಡವರು ನಂಬಿದರು. ಆದರೆ ಹತ್ತಿಯ ಮೇಲೆ ಹೂಬಳ್ಳಿ ಬಿಡಿಸುವ ಕಲೆ ಇಂಗ್ಲೆಂಡಿಗೆ ಹೋದದ್ದು ಮಚಲೀಪಟ್ಟಣ ಮೊದಲಾದ ಕೋರಮಂಡಲ ತೀರದ ಊರುಗಳ ಚೀಟಿ ಬಟ್ಟೆಯ ಮೂಲಕ; ಅದರ ಮೋಹಕ್ಕೆ ತಮ್ಮ ನೇಕಾರರು ಹಾಳಾಗುತ್ತಾರೆಂದು ಹೆದರಿ ಲಂಡನ್ನಿನ ಸಂಸತ್ತು 1700ರಲ್ಲಿ ಆಮದನ್ನು, 1721ರಲ್ಲಿ ತೊಡುವುದನ್ನೇ ನಿಷೇಧಿಸಿ, 1774ರವರೆಗೂ ಬಿಗಿ ಸಡಿಲಿಸಲಿಲ್ಲ. ನಮ್ಮ ಸೀರೆಗಳ ಮಾವಿನಕಾಯಿ ಅಂಚಿನ ಚಿತ್ತಾರವೂ ಹಾಗೆಯೇ ಕಾಶ್ಮೀರದ ಶಾಲಿನೊಡನೆ ಹೋಗಿ, ಅದನ್ನು ನಕಲು ಮಾಡಿದ ಸ್ಕಾಟ್ಲೆಂಡಿನ ಊರಾದ ಪೇಸ್ಲಿಯ ಹೆಸರು ಹೊತ್ತು, 1960ರ ದಶಕದ ಅಂಗಿಗಳ ಮೇಲೆ ಮರಳಿ ಕಾಣಿಸಿತು.

ಇತಿಹಾಸಕಾರ ರಾಫಯೆಲ್ ಸ್ಯಾಮ್ಯುಯೆಲ್ 1994ರ ‘ಥಿಯೇಟರ್ಸ್ ಆಫ್ ಮೆಮರಿ’ ಗ್ರಂಥದಲ್ಲಿ ಹಳೆಯದರಂತೆ ತೋರುವ ವಸ್ತುಗಳ ಈ ಅಭಿರುಚಿಯನ್ನು ಗಂಭೀರ ಅಧ್ಯಯನಕ್ಕೆ ಒಳಪಡಿಸಿ, ಇದು ಗತಕಾಲದೊಡನೆ ಆಡುವ ಆಟವೇ ಹೊರತು ಅದರ ಆರಾಧನೆಯಲ್ಲವೆಂದು ವಾದಿಸಿದರು. ಅಂಗಡಿಗಳ ಮಟ್ಟಿಗೆ ಈ ಮಾತು ನಿಜ. ಆದರೆ ಆಟಕ್ಕೆ ಬಂದವರು ಬೇಸರವಾದೊಡನೆ ಹೊರಟುಬಿಡುತ್ತಾರೆಂಬುದನ್ನೂ ಇದಕ್ಕೆ ಸೇರಿಸಬೇಕು. ಚರಿತ್ರೆಯ ಬೇರೆ ಬೇರೆ ಕಾಲಗಳ ಮಾದರಿಯಲ್ಲಿ ಉಡುಗೊರೆ ಮಾರಲು 1986ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ‘ಪಾಸ್ಟ್ ಟೈಮ್ಸ್’ 2012ರಲ್ಲಿ ದಿವಾಳಿಯಾಯಿತು. 1993ರಲ್ಲಿ ಸಣ್ಣ ಅಂಗಡಿಯಾಗಿ ಶುರುವಾಗಿ, ಹೂವಿನ ಅಚ್ಚಿನ ಇಸ್ತ್ರಿ ಹಲಗೆಯ ಹೊದಿಕೆಯಿಂದ ಹೆಸರಾದ ‘ಕ್ಯಾತ್ ಕಿಡ್ಸ್ಟನ್’ ಬ್ರಿಟನ್ನಿನ ತನ್ನ 60 ಅಂಗಡಿಗಳನ್ನು 2020ರಲ್ಲಿ ಮುಚ್ಚಿತು. ಅದೇ ವರ್ಷದ ಮಾರ್ಚಿನಲ್ಲಿ ಲಾರಾ ಆಷ್ಲಿ ಸಂಸ್ಥೆಯೂ ಕುಸಿದು, ಹೆಸರು ಮಾತ್ರ ಬೇರೆಯವರ ಪಾಲಾಯಿತು. ಕೊರೊನಾ ಕಾಲದ ಬಂದ್ ಈ ಕುಸಿತವನ್ನು ಮುಗಿಸಿತೇ ಹೊರತು ಆರಂಭಿಸಲಿಲ್ಲ. ಹಳೆಯದರಂತೆ ಮಾಡಿದ ವಸ್ತುವೂ ಹೊಸ ವಸ್ತುವೇ ಆದುದರಿಂದ, ಬೇರೆ ಹೊಸ ವಸ್ತುಗಳಂತೆ ಅದಕ್ಕೂ ಅಭಿರುಚಿ ಬದಲಾದಾಗ ಕೊಳ್ಳುವವರಿಲ್ಲ.

ಹಳೆಯದನ್ನೇ ಮಾರುವವರಿಗೆ ಆ ಭಯ ಕಡಿಮೆ, ಏಕೆಂದರೆ ಒಂದು ದಶಕದ ಬಟ್ಟೆ ಹಳತಾದರೆ ಮುಂದಿನ ದಶಕದ್ದು ತಾನಾಗಿ ಸರಕಾಗುತ್ತದೆ. ಪೋರ್ಟೊಬೆಲ್ಲೊ ರಸ್ತೆಯಲ್ಲಿ ವಾರದ ಕೊನೆಗೆ ಹಳೆ ಬಟ್ಟೆಯ ಸಾಲು ಇಂದಿಗೂ ನೆರೆಯುತ್ತದೆ. ಯುರೋಪು, ಅಮೆರಿಕಗಳಲ್ಲಿ ಜನ ಬಿಟ್ಟುಕೊಟ್ಟ ಉಡುಪಿನ ಮೂಟೆಗಳಲ್ಲಿ ಒಂದು ಪಾಲನ್ನು ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಬಿಚ್ಚಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ವಿಂಗಡಿಸಲಾಗುತ್ತದೆ. ಕೆಲಸಕ್ಕೆ ಬಾರದ ಉಣ್ಣೆ ಪಾಣಿಪತ್ತಿನಂಥ ಕಡೆ ಹಿಂಜುವ ಯಂತ್ರಕ್ಕೆ ಹೋದರೆ, ವಿಂಟೇಜ್ ಎನಿಸಿಕೊಳ್ಳಬಲ್ಲ ಆಯ್ದ ಉಡುಪುಗಳು ಮತ್ತೆ ಹಡಗೇರಿ ಪಶ್ಚಿಮದ ಅಂಗಡಿಗಳನ್ನು ಸೇರುತ್ತವೆ.