ಕಳವು ಕುಲದ ಗುಣವೇ?

ಬೀದಿಗಳ್ಳತನ, ದಾರಿದರೋಡೆಗಳಿಗೆ ಕಾರಣವನ್ನು ಕಳ್ಳನ ಹುಟ್ಟಿನಲ್ಲಿ ಹುಡುಕುವ ರೂಢಿ ಹಳೆಯದು. ನಮ್ಮ ಸೀಮೆಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ನಂಬಿಕೆ ನಿಲ್ಲಲಾರದೆಂದು ನಮ್ಮ ಅಭಿಪ್ರಾಯ. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದುದರಿಂದ, ಇದು ಗಡಿಯ ಎರಡು ಕಡೆಯ ಕನ್ನಡಿಗರ ಚರಿತ್ರೆಯೂ ಹೌದು.

ತುಡಿಯಲೂರು ಕೊಯಮತ್ತೂರಿನಿಂದ ಮೆಟ್ಟುಪಾಳೆಯಕ್ಕೆ ಹೋಗುವ ಹಾದಿಯಲ್ಲಿದೆ. ಆ ಮಾರ್ಗವಾಗಿ ಮೆಟ್ಟುಪಾಳೆಯಕ್ಕೆ ರೈಲು ಬಂದುದು 1873ರಲ್ಲಿ. ರೈಲಿಗೆ ಮುಂಚೆ ಮದ್ರಾಸ್ ಆಧಿಪತ್ಯದ ಒಳನಾಡಿಗೆ ಕರಾವಳಿಯ ಉಪ್ಪು ಎತ್ತು, ಕತ್ತೆಗಳ ಬೆನ್ನೇರಿ ಬರುತ್ತಿತ್ತು. ಹೀಗೆ ತರುತ್ತಿದ್ದವರಲ್ಲಿ ತಮಿಳರು ಕೊರವರೆಂದೂ ಕನ್ನಡಿಗರು ಕೊರಮ, ಕೊರಚರೆಂದೂ ಕರೆಯುವ ಅಲೆಮಾರಿಗಳು ಮುಖ್ಯರು. ಅವರು ಉಪ್ಪು ಕೊಟ್ಟು ಧಾನ್ಯ ಕೊಳ್ಳುವರು. ಬುಟ್ಟಿ, ಚಾಪೆ ಹೆಣೆದು ಮಾರುವರು. ಹಳ್ಳಿಗರಿಗೆ ಅವರು ಬೇಕಾದವರಾಗಿದ್ದರು.

ರೈಲು ಬಂದಮೇಲೆ ಉಪ್ಪಿನ ವ್ಯಾಪಾರವು ಬಂಡವಾಳವಿದ್ದ ವರ್ತಕರ ಕೈಸೇರಿತು. 1876–78ರ ಮಹಾಕ್ಷಾಮದಲ್ಲಿ ಹೇರಿನ ದನಗಳು ಸತ್ತವು. 1882ರ ಮದ್ರಾಸ್ ಅರಣ್ಯ ಶಾಸನದಿಂದ ಮೇವಿಗೂ ಬಿದಿರಿಗೂ ನಿರ್ಬಂಧ ಬಿತ್ತು. ಬದುಕಿನ ದಾರಿಗಳು ಹೀಗೆ ಒಂದೊಂದಾಗಿ ಮುಚ್ಚಿದ ಮೇಲೆ, ಅಲೆದಾಟವೇ ಅಪರಾಧದ ಗುರುತಾಯಿತು. ಉತ್ತರ ಭಾರತದಲ್ಲಿ 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಶಾಸನವು 1911ರಲ್ಲಿ ಮದ್ರಾಸಿಗೂ ಬಂದಿತು. ಬೆರಳಚ್ಚು, ಪೊಲೀಸರ ಮುಂದೆ ಹಾಜರಿ, ಅಪ್ಪಣೆಯಿಲ್ಲದೆ ಊರು ಬಿಡಕೂಡದೆಂಬ ಕಟ್ಟು, ಇವೆಲ್ಲ ಕುಲದ ಹೆಸರಿಗೇ ಅಂಟಿದವು. ನೆರೆಯ ಮುಂಬಯಿ ಆಧಿಪತ್ಯದ ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ವಸಾಹತುಗಳಲ್ಲಿಟ್ಟು ದುಡಿಸಲಾಯಿತು. ಗಿರಣಿಗಳಿಗೆ ಅಗ್ಗದ ಕೂಲಿಯಾಳು ದೊರೆತರು. ಆ ಬಡಾವಣೆಗಳಿಗೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ.

ಹುಟ್ಟೇ ಕಾರಣವಾಗಿದ್ದರೆ 1918ರ ಘಟನೆಗಳನ್ನು ವಿವರಿಸುವುದು ಹೇಗೆ? ಯುದ್ಧಕಾಲದ ಬೆಲೆಯೇರಿಕೆಯಿಂದ ಕಂಗೆಟ್ಟು ಮದ್ರಾಸ್ ಆಧಿಪತ್ಯದ ಅನೇಕ ಪೇಟೆಗಳಲ್ಲಿ ಜನ ಧಾನ್ಯದಂಗಡಿಗಳನ್ನು ಲೂಟಿ ಮಾಡಿದರು. ಅವರಲ್ಲಿ ಬಹುಮಂದಿ ಕೂಲಿಗಳು, ಬಡವರು. ಯಾವ ‘ಅಪರಾಧಿ ಕುಲ’ದ ಪಟ್ಟಿಗೂ ಸೇರದವರು. ಕುಲ ಬೇರೆಯಾದರೂ ಹಸಿವು ಒಂದೇ ಆಗಿತ್ತು.

ಇದರಿಂದ ಕಳವು ನ್ಯಾಯವೆಂದು ನಾವು ಸಾಧಿಸುತ್ತಿಲ್ಲ. ಸಂತೆಯಲ್ಲಿ ಗಂಟು ಕಳೆದುಕೊಂಡ ಕೂಲಿಯ ಸಂಕಟವೂ ದೊಡ್ಡದೇ. ಆದರೆ ದಂಡನೆ ಮಾಡಿದವನಿಗೆ ಸಲ್ಲಬೇಕು, ಹುಟ್ಟಿದವನಿಗಲ್ಲ.

ಶಾಸನವು ಮದ್ರಾಸಿನಲ್ಲಿ 1947ರಲ್ಲಿ, ದೇಶದಲ್ಲೆಲ್ಲ 1952ರಲ್ಲಿ ರದ್ದಾಯಿತು. ಸಂಶಯ ಮಾತ್ರ ರದ್ದಾಗಲಿಲ್ಲ. ತರಗತಿಯಲ್ಲಿ ಲೇಖನಿಯೊಂದು ಕಾಣೆಯಾದಾಗ ನಮ್ಮ ಕಣ್ಣು ಮೊದಲು ಯಾವ ಮಗುವಿನತ್ತ ಹೊರಳುತ್ತದೆ? ಅಧ್ಯಾಪಕ ಬಂಧುಗಳು ಇದನ್ನು ವಿಚಾರಿಸಿಕೊಂಡರೆ ಈ ಚರಿತ್ರೆಯನ್ನು ಓದಿದುದು ಸಾರ್ಥಕ.